ಪ್ರವಾಸ ವಿಚಾರ: ಮಧುಗಿರಿಯ ಬೆಟ್ಟದ ಮೇಲೆ ಒಂದು ದಿನ

ಪರದೇಶಗಳಿಗೆ ಹೋಗಿಬಂದ ಬಂಧುಮಿತ್ರರ ಬಾಯಲ್ಲಿ ಬೆಟ್ಟವೇರಿ ಬಳಲಿದ ವೃತ್ತಾಂತಗಳನ್ನು ಈಗೀಗ ಹೆಚ್ಚಾಗಿ ಕೇಳುತ್ತಿದ್ದೇವೆ. ಸಿಂಹಳದ ಸಿಗಿರಿಯಾ ಬಂಡೆಯನ್ನು ಹತ್ತಿದವರು ಅಲ್ಲಿಯ ಮೆಟ್ಟಲುಗಳನ್ನು ಲೆಕ್ಕ ಹೇಳುತ್ತಾರೆ. ಚೀನದ ಮಹಾಗೋಡೆಯ ಮೇಲೆ ನಡೆದವರು ಮೊಣಕಾಲಿನ ನೋವನ್ನು ವರ್ಣಿಸುತ್ತಾರೆ. ಕೇಳುವುದಕ್ಕೆ ಸಂತೋಷವೇ ಸರಿ. ಆದರೆ ತುಮಕೂರಿಗೆ ಸುಮಾರು 43 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 3930 ಅಡಿ ಎತ್ತರಕ್ಕೆ ತಲೆಯೆತ್ತಿರುವ ಮಧುಗಿರಿಯ ಏಕಶಿಲಾ ಬೆಟ್ಟವನ್ನು ನಮ್ಮ ಗೃಹಸ್ಥರಲ್ಲಿ ಎಷ್ಟು ಮಂದಿ ಹತ್ತಿ ನೋಡಿದ್ದಾರೆ? ಆದುದರಿಂದ ಈ ತಿಂಗಳು ಆ ಬೆಟ್ಟದ ವಿಚಾರವನ್ನೂ, ಮನೆಮಂದಿಯನ್ನು ಕಟ್ಟಿಕೊಂಡು ಅಲ್ಲಿಗೆ ಹೋಗತಕ್ಕವರು ಅರಿತಿರಬೇಕಾದ ಕೆಲವು ಸಂಗತಿಗಳನ್ನೂ ಬರೆಯುತ್ತೇವೆ.

ಕೊರಟಗೆರೆಯಿಂದ ಪಾವಗಡದವರೆಗಿನ ಸೀಮೆಯೆಲ್ಲ ಕಲ್ಲಿನ ಸೀಮೆ. ಪಾವಗಡದ ಕಡೆಯ ನಿಡುಗಲ್ಲು ತನ್ನ ಹೆಸರಿನಲ್ಲಿಯೇ ಇದನ್ನು ಹೇಳುತ್ತದೆ. ‘ನಿಡು’ ಎಂದರೆ ನೀಳವಾದದ್ದು, ಎತ್ತರವಾದದ್ದು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಚೋಳರೆಂದು ಹೇಳಿಕೊಂಡ ಒಂದು ಅರಸುಮನೆತನ ಆ ದುರ್ಗದಿಂದ ಆಳಿತು. ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಈ ಕಣಶಿಲೆಯ ಪಟ್ಟಿಗೆ, ಆ ಊರಿಗೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಇಟ್ಟಿದ್ದಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ನೆಲದಾಳದಲ್ಲಿ ಗಟ್ಟಿಗೊಂಡ ಈ ಶಿಲೆಯ ಮೇಲಿನ ಭಾರ ಸವೆದುಹೋದಂತೆಲ್ಲ ಅದು ಈರುಳ್ಳಿಯ ಹಾಗೆ ಪದರು ಪದರಾಗಿ ಸುಲಿಯುತ್ತದೆ. ಬೆಟ್ಟವು ಬೋಳಾಗಿ, ದುಂಡಾಗಿ, ಹಿಡಿಯುವುದಕ್ಕೆ ಗಿಡವೂ ನಿಲ್ಲುವುದಕ್ಕೆ ನೆರಳೂ ಇಲ್ಲದಂತೆ ಕಾಣುವುದಕ್ಕೆ ಇದೇ ಕಾರಣ.

ಇಂಥ ಬಂಡೆಯನ್ನು ದುರ್ಗವಾಗಿ ಮಾಡಿದ ಕೀರ್ತಿ ರಾಜಾ ಹಿರೇಗೌಡನೆಂಬ ಪಾಳೆಯಗಾರನಿಗೆ ಸಲ್ಲುತ್ತದೆ. 1678ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಇದು ಮೈಸೂರಿನವರ ವಶವಾಯಿತು. ಹೈದರಾಲಿಯು ಕೋಟೆಯನ್ನು ಬಲಪಡಿಸಿದನು. 1763ರಲ್ಲಿ ಬಿದನೂರು ಬಿದ್ದಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ದತ್ತುಪುತ್ರನೊಡನೆ ಸೆರೆಯಲ್ಲಿಟ್ಟದ್ದು ಇಲ್ಲಿಯೇ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಆದರೆ ಪುಣೆಗೆ ಹೋಗುವ ದಾರಿಯಲ್ಲಿ ರಾಣಿಯು ತೀರಿಕೊಂಡಳು. ಮಲೆನಾಡಿನ ಮಳೆಯನ್ನೂ ಅಡಕೆಯ ತೋಟಗಳನ್ನೂ ಕಂಡು ಬಾಳಿದ ಆ ಹೆಂಗಸು, ಈ ಬಯಲುಸೀಮೆಯ ಕಾದ ಕಲ್ಲಿನ ನಡುವೆ ನಾಲ್ಕು ಬೇಸಗೆಗಳನ್ನು ಹೇಗೆ ಕಳೆದಳೋ! ನಾವು ನಮ್ಮ ಇಚ್ಛೆಯಿಂದ ಹತ್ತಿ, ನಮ್ಮ ಇಚ್ಛೆಯಿಂದ ಇಳಿಯತಕ್ಕವರು. ಈ ಭಾಗ್ಯವನ್ನು ನೆನೆದರೆ ಕಾಲುನೋವಿನ ದೂರು ಅರ್ಧ ಕಡಿಮೆಯಾಗುವುದು.

ಊರಿನ ವೆಂಕಟರಮಣಸ್ವಾಮಿಯ ಮತ್ತು ಮಲ್ಲೇಶ್ವರನ ದೇವಾಲಯಗಳನ್ನು ದರ್ಶನಮಾಡಿಕೊಂಡು ಹೊರಟರೆ ಮೊದಲ ಭಾಗ ಸುಲಭವಾಗಿಯೇ ಸಾಗುತ್ತದೆ. ಬಾಗಿಲುಗಳು ಒಂದಾದಮೇಲೊಂದು ಎದುರಾಗುತ್ತವೆ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಮೇಲೆ ಹೋದಂತೆ ಕಟ್ಟಿದ ಮೆಟ್ಟಲು ಮುಗಿದು, ಬಂಡೆಯಲ್ಲಿಯೇ ಪಾದ ಊರುವಷ್ಟು ಕಡಿದ ಗುರುತುಗಳು ಮಾತ್ರ ಉಳಿಯುತ್ತವೆ. ಅಲ್ಲಿ ಕಬ್ಬಿಣದ ಕಂಬಿಯನ್ನು ಹಿಡಿದು, ಒಬ್ಬರ ಹಿಂದೊಬ್ಬರು ಹೋಗಬೇಕು. ತುದಿಯಲ್ಲಿರುವುದು ಪಾಳುಬಿದ್ದ ಗೋಪಾಲಕೃಷ್ಣನ ಗುಡಿ, ಹಳೆಯ ಕಣಜಗಳು, ಮತ್ತು ಕಣ್ಣು ಹರಿಯುವಷ್ಟು ದೂರದ ಕೆರೆ, ಹೊಲ, ಗುಡ್ಡಗಳು.

ಹೊರಡುವ ಮುನ್ನ ಗೃಹಿಣಿಯರು ಗಮನಿಸತಕ್ಕದ್ದಿಷ್ಟು. ಸೂರ್ಯೋದಯದ ವೇಳೆಗೆ ಬೆಟ್ಟದ ಬುಡದಲ್ಲಿರಬೇಕು. ಈ ಸೀಮೆಯ ಬಿಸಿಲು ಸಾಮಾನ್ಯವಾದುದಲ್ಲ. ಪಾವಗಡದ ತಿರುಮಣಿಯ ಬಳಿ ಸುಮಾರು 13000 ಎಕರೆಯಲ್ಲಿ ಇದೇ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುತ್ತಿದ್ದಾರೆ. ಆಳೊಂದಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರಿರಲಿ. ದೊಣೆಯ ನೀರನ್ನು ನೋಡಿ ಸಂತೋಷಪಡಬಹುದು, ಕುಡಿಯಕೂಡದು. ಬುತ್ತಿಗೆ ಉಪ್ಪು ಹಾಕಿದ ಮಜ್ಜಿಗೆ, ಅವಲಕ್ಕಿ, ಹುರಿಗಡಲೆ, ಬೆಲ್ಲ ಸಾಕು. ಹೊಟ್ಟೆ ಭಾರವಾದರೆ ಕಾಲು ಭಾರ. ಮಳೆ ಬಿದ್ದ ದಿನ ಬೆಟ್ಟದ ಮಾತೇ ಬೇಡ. ಒದ್ದೆಯಾದ ಬಂಡೆ ಜಾರುಬಂಡೆ.

ಇಳಿಯುವುದು ಸುಲಭವೆಂಬ ಭಾವನೆ ಬಹು ಮಂದಿಯಲ್ಲಿದೆ. ಹತ್ತುವಾಗ ಉಸಿರು ಹಿಡಿಯುತ್ತದೆ, ನಿಂತರೆ ಅದು ಸರಿಹೋಗುತ್ತದೆ. ಇಳಿಯುವಾಗಲಾದರೋ ದೇಹದ ಭಾರವನ್ನೆಲ್ಲ ತೊಡೆಯ ಮಾಂಸಖಂಡಗಳು ಹಿಗ್ಗುತ್ತಲೇ ತಡೆಯಬೇಕು. ಮರುದಿನವೂ ಅದರ ಮರುದಿನವೂ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗುವುದು ಇದರಿಂದ. ಆದಕಾರಣ ಶಕ್ತಿಯಲ್ಲಿ ಅರ್ಧವನ್ನು ಇಳಿಯುವುದಕ್ಕಾಗಿ ಕೂಡಿಡತಕ್ಕದ್ದು.

ಇನ್ನು ಮುಖ್ಯವಾದ ಮಾತು. “ಇಷ್ಟು ದೂರ ಬಂದು ತುದಿ ಮುಟ್ಟದೆ ಹೋಗುವುದೇ?” ಎಂಬ ಪ್ರಶ್ನೆ ಪ್ರತಿಯೊಂದು ಸಂಸಾರದಲ್ಲಿಯೂ ಅರ್ಧ ಬೆಟ್ಟದಲ್ಲಿ ಏಳುತ್ತದೆ. ನಮ್ಮ ಸಂಗಡ ಒಮ್ಮೆ ಅರುವತ್ತು ದಾಟಿದ ಸೋದರತ್ತೆಯೊಬ್ಬರು ಬಂದಿದ್ದರು. ಕಂಬಿಯ ಜಾಗ ಬಂದೊಡನೆ ಅವರು ಕುಳಿತುಬಿಟ್ಟರು. ಸೋದರಳಿಯನು, “ಏಳಿ ಅತ್ತೆ, ಇನ್ನೇನು ಬಂತು, ಕೈ ಹಿಡಿದುಕೊಳ್ಳುತ್ತೇನೆ” ಎಂದನು. ಅವರು ನಕ್ಕು, “ಹತ್ತುವಾಗ ಕೈ ಹಿಡಿಯುತ್ತೀಯಪ್ಪ, ಇಳಿಯುವಾಗ ನನ್ನ ಮಂಡಿಯನ್ನು ಯಾರು ಹಿಡಿಯುತ್ತಾರೆ?” ಎಂದರು. ಸೊಸೆಯು ಮಾತಿಲ್ಲದೆ ಚೀಲವನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತಳು. ಆಗ ಅತ್ತೆಯವರು, “ಅವಳು ಪ್ರತಿಸಲವೂ ನಿಲ್ಲುತ್ತಾಳೆ, ಈ ಸಲ ಅವಳು ಹೋಗಲಿ, ನೀನು ಇರು” ಎಂದು ಸೋದರಳಿಯನಿಗೆ ಹೇಳಿದರು. ಹಾಗೆಯೇ ಆಯಿತು.

ಈ ಮಾತಿನಲ್ಲಿ ಎರಡು ವಿವೇಕಗಳಿವೆ. ತನ್ನ ಶಕ್ತಿಯ ಮೇರೆಯನ್ನು ತಾನೇ ಅರಿತು ನಿಲ್ಲುವುದು ಸೋಲಲ್ಲ. ಆಸ್ಟ್ರೇಲಿಯಾದ ಉಲುರು ಎಂಬ ಪ್ರಸಿದ್ಧ ಬಂಡೆಯನ್ನು ಅಲ್ಲಿಯ ಮೂಲನಿವಾಸಿಗಳು ಪವಿತ್ರವೆಂದು ಭಾವಿಸುವುದರಿಂದ, 2019ರಿಂದ ಅದನ್ನು ಯಾರೂ ಹತ್ತುವಂತಿಲ್ಲ. ಪ್ರವಾಸಿಗಳು ಬುಡದ ಸುತ್ತ ಸುಮಾರು 10 ಕಿಲೋಮೀಟರು ನಡೆದು ತೃಪ್ತರಾಗಿ ಬರುತ್ತಾರೆ. ತುದಿ ಮುಟ್ಟಿದರೆ ಮಾತ್ರ ದರ್ಶನವೆಂಬ ನಿಯಮ ಎಲ್ಲಿಯೂ ಇಲ್ಲ. ಎರಡನೆಯದಾಗಿ, ಮಕ್ಕಳ ಬಳಿಯಲ್ಲೋ ಹಿರಿಯರ ಬಳಿಯಲ್ಲೋ ಉಳಿಯುವ ಸರದಿ ಯಾವಾಗಲೂ ಮನೆಯ ಒಬ್ಬಳೇ ಹೆಂಗಸಿಗೆ ಬರಕೂಡದು. ಹೊರಡುವ ಹಿಂದಿನ ರಾತ್ರಿಯೇ ಇದನ್ನು ಗೊತ್ತುಮಾಡಿಕೊಂಡರೆ ಬಂಡೆಯ ಮೇಲೆ ಮುನಿಸಿಗೆ ಎಡೆಯಿರುವುದಿಲ್ಲ.

ಕಾರ್ತಿಕದಿಂದ ಮಾಘದವರೆಗಿನ ತಂಪು ದಿನಗಳು ಈ ಪ್ರವಾಸಕ್ಕೆ ಯೋಗ್ಯವಾದವು. ದೂರದೇಶದ ಬೆಟ್ಟಗಳನ್ನು ಏರುವ ಅವಕಾಶ ವಾಚಕರಿಗೆ ಒದಗಲಿ. ಅದಕ್ಕೆ ಮೊದಲು ಮಧುಗಿರಿಯ ಬಂಡೆಯ ಮೇಲೆ ಕಾಲನ್ನೂ, ಅದಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನೂ ಪಳಗಿಸಿಕೊಳ್ಳುವುದು ಒಳ್ಳೆಯದು.