ಬೇಟೆಗಾರನ ಜಿಪಿಎಸ್

ಮೊಬೈಲಿದ್ದರೂ ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆ ಹೋಗುವವರು ಪ್ರತ್ಯೇಕ ಜಿಪಿಎಸ್ ಕೊಳ್ಳುವುದೇಕೆ? ಇದು ವಿದ್ಯಾರ್ಥಿಯೊಬ್ಬನ ಪ್ರಶ್ನೆ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಂತೆ ಬೇಟೆ ಅಪರಾಧ, ಪ್ರಶ್ನೆಯೇನೋ ಒಳ್ಳೆಯದೇ!) ಟವರ್ ಇಲ್ಲದ ಕಾಡಿನಲ್ಲೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದುದು ನಾಲ್ಕು ಉಪಗ್ರಹಗಳ ಸಂಕೇತ. ನಕ್ಷೆಯನ್ನು ಮಾತ್ರ ಮೊದಲೇ ತುಂಬಿಕೊಂಡಿರಬೇಕು. ತೊಂದರೆ ಕೊಡುವುದು ಚಳಿ. ಹಿಮ ಬೀಳುವಾಗ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನಗೊಂಡು ಮೊಬೈಲ್ ದಿಢೀರನೆ ಆರಿಹೋಗಬಹುದು. ಆಗ ರಾತ್ರಿಯನ್ನು ಹಿಮದಲ್ಲೇ ಕಳೆಯಬೇಕಾದೀತು. ಆದ್ದರಿಂದ ಚಳಿ ತಡೆಯುವ ಎಎ ಲಿಥಿಯಂ ಸೆಲ್ ಹಾಕಬಹುದಾದ, ಕೈಗವಸು ತೊಟ್ಟೇ ಒತ್ತಬಹುದಾದ ಗುಂಡಿಗಳಿರುವ ಯಂತ್ರವೇ ಮೇಲು. ದೊಡ್ಡ ಬಣ್ಣದ ಪರದೆಗೆ ಮರುಳಾಗಬೇಕಿಲ್ಲ. ಹೊರಡುವ ಮುನ್ನ ವಾಹನ ನಿಲ್ಲಿಸಿದ ಜಾಗವನ್ನು ಅದರಲ್ಲಿ ಗುರುತು ಹಾಕಿಕೊಳ್ಳಬೇಕು. ಜೇಬಿನಲ್ಲೊಂದು ದಿಕ್ಸೂಚಿಯೂ ಇರಲಿ. ಅದಕ್ಕೆ ಸೆಲ್ ಬೇಡ.