ಒಂದೇ ಅರ್ಜಿಗೆ ಹತ್ತು ನಮೂನೆ

ಮೊಬೈಲಿನಲ್ಲಿ ‘ಪಾವತಿಸಿ’ ಎಂಬ ಗುಂಡಿ ಒತ್ತಿದರೆ ಎಲ್ಲೋ ಇರುವ ಸರ್ವರ್‌ಗೆ ಒಂದು ಅರ್ಜಿ ಹೋಗುತ್ತದೆ. ತಂತ್ರಜ್ಞರ ಬಾಯಲ್ಲಿ ಅದು ರಿಕ್ವೆಸ್ಟ್. ಯಾವ ವಿಳಾಸಕ್ಕೆ, ಏನು ಕೋರಿಕೆ, ಜೊತೆಗೆ ಲಗತ್ತು ಏನಾದರೂ ಇದೆಯೇ, ಇಷ್ಟೇ ಅದರ ಹೂರಣ. ಎಚ್‌ಟಿಟಿಪಿ ನಿಯಮ ಲೋಕಕ್ಕೆಲ್ಲ ಒಂದೇ ಆದ್ದರಿಂದ ದಾರಿಯಲ್ಲಿ ಜಗಳವಿಲ್ಲ. ಜಗಳವೆಲ್ಲ ಅರ್ಜಿ ಹೊಸ್ತಿಲು ದಾಟಿದ ಮೇಲೆ.

ರಯಾನ್ ಡಾಲ್ 2009ರಲ್ಲಿ ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಕಟ್ಟಿದ ಮೇಲೆ ಆ ಭಾಷೆ ಸರ್ವರ್‌ಗಳಲ್ಲೂ ಗಟ್ಟಿಯಾಗಿ ಬೇರೂರಿತು. ಮರುವರ್ಷ ನೋಡ್ ಮೇಲೆ ಸರ್ವರ್ ಕಟ್ಟಲು ನೆರವಾಗುವ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್ ಬಂತು, ಆಮೇಲೆ ಹ್ಯಾಪಿ, ಕೋವಾ, ಫಾಸ್ಟಿಫೈ. ಒಂದೊಂದೂ ಅದೇ ಅರ್ಜಿಯನ್ನು ತನ್ನದೇ ನಮೂನೆಯಲ್ಲಿ ತುಂಬಿಸಿಕೊಳ್ಳುತ್ತದೆ. ಲಗತ್ತನ್ನು ಎಕ್ಸ್‌ಪ್ರೆಸ್ ‘ಬಾಡಿ’ ಎಂದರೆ ಹ್ಯಾಪಿ ‘ಪೇಲೋಡ್’ ಎನ್ನುತ್ತದೆ. ಜೇಸನ್ ರೂಪದ ಲಗತ್ತನ್ನು ಫಾಸ್ಟಿಫೈ ತಾನಾಗಿಯೇ ಬಿಡಿಸಿ ಕೈಗಿಡುತ್ತದೆ. ಎಕ್ಸ್‌ಪ್ರೆಸ್‌ಗೆ ಮೊದಲೇ ಹೇಳಿಡದಿದ್ದರೆ ಅದು ಕೈ ಖಾಲಿ ತೋರಿಸುತ್ತದೆ.

ಇದರ ಹೊರೆ ಬೀಳುವುದು ಲಾಗಿನ್, ಪಾವತಿಯಂಥ ಲೈಬ್ರರಿ ಬರೆಯುವವರ ಮೇಲೆ. ಅಸಲು ಕೆಲಸ ಒಂದು ಪಾಲು, ಪ್ರತಿ ಫ್ರೇಮ್‌ವರ್ಕ್‌ಗೂ ನಮೂನೆ ಬದಲಿಸಿಕೊಡುವ ಒಂದೊಂದು ಅಡಾಪ್ಟರ್ ಹೊಲಿಯುವುದು ಮೂರು ಪಾಲು. ಇದನ್ನು ತಪ್ಪಿಸಲು, ಎಲ್ಲರಿಗೂ ಒಂದೇ ನಮೂನೆ ಇರಲೆಂದು ಪೈಥಾನ್‌ನವರು 2003ರಲ್ಲೇ ಡಬ್ಲ್ಯೂಎಸ್‌ಜಿಐ ಎಂಬ ಒಪ್ಪಂದ ಮಾಡಿಕೊಂಡರು, ರೂಬಿಯವರು 2007ರಲ್ಲಿ ರ‍್ಯಾಕ್ ಮಾಡಿಕೊಂಡರು. ಜಾವಾಸ್ಕ್ರಿಪ್ಟ್ ಮಂದಿಗೆ ಆ ಬುದ್ಧಿ ಬಂದದ್ದು ತಡವಾಗಿ, ಅದೂ ಬ್ರೌಸರ್‌ನ ಕೃಪೆಯಿಂದ. ಬ್ರೌಸರ್‌ಗೆಂದೇ ರೂಪಿಸಿದ ಫೆಚ್ ಮಾನದಂಡದ ‘ರಿಕ್ವೆಸ್ಟ್’ ವಸ್ತುವನ್ನು, ನೋಡ್‌ನಂತೆಯೇ ಜಾವಾಸ್ಕ್ರಿಪ್ಟ್ ಓಡಿಸುವ ಕ್ಲೌಡ್‌ಫ್ಲೇರ್ ವರ್ಕರ್ಸ್, ಡೀನೊ, ಬನ್ ಸರ್ವರ್‌ಗೂ ತಂದವು. ನೋಡ್‌ನ 18ನೇ ಆವೃತ್ತಿಯಲ್ಲೂ (2022) ಅದು ಸಿಗುತ್ತದೆ. ತಮಾಷೆಯೆಂದರೆ, ನೋಡ್‌ನ ಸ್ವಂತ ಎಚ್‌ಟಿಟಿಪಿ ಸರ್ವರ್ ಮಾತ್ರ ಇಂದಿಗೂ ಹಳೆಯ ನಮೂನೆಯನ್ನೇ ಕೊಡುತ್ತದೆ. ಈ ಹೊಂದಾಣಿಕೆಗೆಂದು ಅದೇ 2022ರಲ್ಲಿ ಇವರಲ್ಲಿ ಕೆಲವರು ಸೇರಿ ಕಟ್ಟಿಕೊಂಡ ವಿಂಟರ್‌ಸಿಜಿ ಕೂಟದ ಕೆಲಸ ಈಗ ಮಾನದಂಡ ರೂಪಿಸುವ ಎಕ್ಮಾ ಸಂಸ್ಥೆಯ ಅಡಿಯಲ್ಲಿ ಸಾಗಿದೆ.

ಹಾಗಾಗಿ ಇಂದು ಲೈಬ್ರರಿ ಬರೆಯುವವರು ಒಳಗಿನ ಕೆಲಸವನ್ನೆಲ್ಲ ಈ ಒಂದೇ ‘ರಿಕ್ವೆಸ್ಟ್’ ನಂಬಿ ಬರೆದು, ಅಡಾಪ್ಟರನ್ನು ಬಾಗಿಲಲ್ಲೇ ನಿಲ್ಲಿಸುವುದು ಸರಿಯಾದ ದಾರಿ. ಲಾಗಿನ್ ಲೈಬ್ರರಿ ಆಥ್.ಜೆಎಸ್ ಮಾಡಿರುವುದೂ ಇದನ್ನೇ: ಅದರ ತಿರುಳಿಗೆ ಹೋಗುವುದು ರಿಕ್ವೆಸ್ಟ್, ಬರುವುದು ರೆಸ್ಪಾನ್ಸ್, ಅಂದರೆ ಉತ್ತರ. ಆದರೆ ನಮೂನೆ ಬದಲಿಸುವಾಗ ಏನೂ ಕಳೆದುಹೋಗುವುದಿಲ್ಲ ಎಂದು ನಂಬಿದವರು ಮೋಸ ಹೋಗುತ್ತಾರೆ.

ಬೆಂಗಳೂರಿನ ಪಾವತಿ ಕಂಪನಿ ರೇಜರ್‌ಪೇಯನ್ನೇ ನೋಡಿ. ಹಣ ಸಂದಾಯವಾದ ಸುದ್ದಿಯನ್ನು ಅದು ಅಂಗಡಿಯ ಸರ್ವರ್‌ಗೆ ವೆಬ್‌ಹುಕ್ ಮೂಲಕ ತಿಳಿಸುತ್ತದೆ, ಜೊತೆಗೊಂದು ಸಹಿ. ಬಂದ ಲಗತ್ತನ್ನು ಗುಪ್ತ ಕೀಲಿಯೊಂದಿಗೆ ಸೇರಿಸಿ ಲೆಕ್ಕ ಹಾಕಿದಾಗ ಸಹಿ ತಾಳೆಯಾಗಬೇಕು. ಲಗತ್ತನ್ನು ಬಿಡಿಸದೆ, ಬಂದ ಹಾಗೆಯೇ ಬಳಸಿ ಎಂದು ಅದರ ಸೂಚನೆಯೇ ಹೇಳುತ್ತದೆ. ಅಡಾಪ್ಟರ್ ಒಳ್ಳೆಯ ಮನಸ್ಸಿನಿಂದಲೇ ಜೇಸನ್ ಬಿಡಿಸಿ ಮತ್ತೆ ಮಡಚಿಟ್ಟಿತು ಎನ್ನಿ. ಮೊತ್ತ ಅದೇ, ಹೆಸರು ಅದೇ, ಎಲ್ಲೋ ಒಂದು ಖಾಲಿ ಜಾಗ ಮಾಯ. ಸಹಿ ತಾಳೆಯಾಗುವುದಿಲ್ಲ, ಗ್ರಾಹಕ ದುಡ್ಡು ಕೊಟ್ಟಿದ್ದರೂ ಅಂಗಡಿಯ ಲೆಕ್ಕದಲ್ಲಿ ‘ಬಾಕಿ’.

ವಿಳಾಸದ ಕಥೆ ಇನ್ನೂ ನಾಜೂಕು. ನೋಡ್ ಕೊಡುವುದು ಸಾಮಾನ್ಯವಾಗಿ ವಿಳಾಸದ ಬಾಲವನ್ನು ಮಾತ್ರ. ಮಾನದಂಡದ ರಿಕ್ವೆಸ್ಟ್‌ಗೆ ಪೂರ್ತಿ ವಿಳಾಸ ಬೇಕು. ಹಾಗಾಗಿ ಅಡಾಪ್ಟರ್ ಅರ್ಜಿಯಲ್ಲಿರುವ ‘ಹೋಸ್ಟ್’ ಹೆಡರ್ ನೋಡಿ ತಲೆಯನ್ನು ಜೋಡಿಸುತ್ತದೆ. ಆ ಹೆಡರನ್ನು ಬರೆಯುವವನು ಅರ್ಜಿದಾರ. ಕಿಡಿಗೇಡಿ ಅಲ್ಲಿ ತನ್ನ ತಾಣದ ಹೆಸರು ತುಂಬಿ, ಇನ್ನೊಬ್ಬರ ಪಾಸ್‌ವರ್ಡ್ ಬದಲಿಸಲು ಕೋರಿದರೆ, ಸರ್ವರ್ ಆ ಅಮಾಯಕರಿಗೆ ಕಳುಹಿಸುವ ಇಮೇಲ್ ಕೊಂಡಿ ಕಿಡಿಗೇಡಿಯ ತಾಣಕ್ಕೇ ದಾರಿ ತೋರಿಸಬಹುದು. ಯಾವ ಹೆಸರುಗಳನ್ನು ನಂಬಬೇಕೆಂಬ ಪಟ್ಟಿ ಕೇಳದ ಅಡಾಪ್ಟರನ್ನು ಬಳಸದಿರುವುದೇ ಕ್ಷೇಮ.

ಎಲ್ಲರೂ ಹೊಸ ಮಾನದಂಡಕ್ಕೆ ಬಂದರೆ ಅಡಾಪ್ಟರ್‌ಗಳ ಗೊಡವೆಯೇ ಇರದು ಎನ್ನುವವರಿದ್ದಾರೆ. ಅಷ್ಟು ಬೇಗ ಆಗುವ ಕೆಲಸವಲ್ಲ. ಎಕ್ಸ್‌ಪ್ರೆಸ್‌ನ 4ನೇ ಆವೃತ್ತಿ ಬಂದದ್ದು 2014ರಲ್ಲಿ. ಹತ್ತು ವರ್ಷ ಕಾದ ಮೇಲೆ, 2024ರಲ್ಲಿ, 5ನೆಯದು ಬಂತು. ಅದರ ಕೈಯಲ್ಲಿರುವುದೂ ನೋಡ್‌ನ ಹಳೆಯ ನಮೂನೆಯೇ.