ಸಹಿ ಹಾಕೋ ಮುಂಚೆ ಓದ್ರೇ! ಅಮೆರಿಕದ ಲೆಕ್ಕದಲ್ಲಿ ‘ಫಾರಿನ್ ಹೆಂಡ್ತಿ’ ಅಂದ್ರೆ ನೀವೇ

(1/8)
ಫೋಟೋದಲ್ಲಿ ಕಾಣ್ತಿರೋದು ನಮ್ಮ ಹುತ್ರಿದುರ್ಗ. ಕೆಂಪೇಗೌಡರ ಹೆಸರಿನ ಕೋಟೆ, ಒಂದು ಬಾಗಿಲು ದಾಟಿದ್ರೆ ಇನ್ನೊಂದು ಬಾಗಿಲು, ತುದೀಲಿ ಶಂಕರೇಶ್ವರನ ಗುಡಿ. ಮಾರ್ಚ್‌ನಲ್ಲಿ ಒಂದು ಭಾನುವಾರ ನಾನೂ ಅಕ್ಕನೂ ಹತ್ತಿದಾಗ ತೆಗೆದದ್ದು. ರೀಲ್ಸ್ ಮಾಡೋಕೆ ಹೋಗಿದ್ದಲ್ಲ. ಮನೇಲಿ ಕೂತ್ರೆ ಬಂದವರೆಲ್ಲ "ಇನ್ನೂ ಸಹಿ ಹಾಕಿಲ್ವಂತೆ?" ಅಂತ ಕೇಳ್ತಿದ್ರು. ಅದರಿಂದ ತಪ್ಪಿಸ್ಕೊಳ್ಳೋಕೆ ಹೋಗಿದ್ವಿ.

ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು. 2025ರ ನವೆಂಬರ್ ಕೊನೇಲಿ, ಧನುರ್ಮಾಸ ಬರೋದ್ರೊಳಗೆ ಮುಗಿಸಬೇಕು ಅಂತ ಕುಣಿಗಲ್‌ನ ಛತ್ರದಲ್ಲಿ ಮದುವೆ ಮಾಡಿದ್ರು. ಭಾವ ಎಚ್-1ಬಿ ಮೇಲೆ ನ್ಯೂಜೆರ್ಸಿಯಲ್ಲಿ ನಾಲ್ಕೈದು ವರ್ಷದಿಂದ ಇದಾರೆ. ಮೂರು ವಾರ ರಜೆ, ವಾಪಸ್ ಹೋದ್ರು. ಅಕ್ಕ ಎಚ್-4 ವೀಸಾ ಕಾಯ್ತಾ ಊರಲ್ಲೇ ಇದಾಳೆ. ಮಾರ್ಚ್‌ನಲ್ಲಿ ಅವಳ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ಕೆಳಗೆ ಒಂದೇ ಸಾಲು: ಹಳದಿ ಗುರುತು ಇರೋ ಕಡೆ ಸಹಿ ಹಾಕಿ ಕಳ್ಸು, ಅರ್ಜೆಂಟ್.

ನಾನು ಬಿ.ಕಾಂ. ಮುಗಿಸಿ ತುಮಕೂರಲ್ಲಿ ಒಬ್ಬ ಆಡಿಟರ್ ಹತ್ರ ಕೆಲಸ ಕಲೀತಿದೀನಿ ಅಂತ ನಿಮಗೆ ಗೊತ್ತು. ಅಕ್ಕ ಫೋನ್ ನನ್ನ ಕೈಗೆ ಕೊಟ್ಟಳು. ಪಿಡಿಎಫ್ ಓದಿದೆ. ಅವತ್ತಿಂದ ನಮ್ಮ ಮನೇಲಿ ಜಗಳ. ಆ ಜಗಳ ಯಾಕೆ ಸರಿ ಅಂತ ಹೇಳೋಕೇ ಈ ಎಂಟು ಪೋಸ್ಟ್.

(2/8)
ಮೊದಲು ಒಂದು ಭ್ರಮೆ ಬಿಡಿ. ‘ಫಾರಿನ್ ಹೆಂಡ್ತಿ’ ಅಂದ ಕೂಡ್ಲೇ ನಮಗೆ ನೆನಪಾಗೋದು ಸೀರೆ ಉಟ್ಕೊಂಡು ತಾಳಿ ಕಟ್ಟಿಸ್ಕೊಳ್ಳೋ ಬಿಳಿ ಹುಡುಗಿ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ನೆನಪಾಗೋದು ನೀವು. ಹುತ್ರಿದುರ್ಗದ ತಪ್ಪಲಲ್ಲಿ ರಾಗಿ ಮುದ್ದೆ ತಿರುವ್ತಾ ವೀಸಾ ಕಾಯೋ ಹುಡುಗಿಗೆ ಅವರು ಇಟ್ಟಿರೋ ಹೆಸರು ‘ನಾನ್‌ರೆಸಿಡೆಂಟ್ ಏಲಿಯನ್ ಸ್ಪೌಸ್’. ಗಂಡ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದ್ರೂ, ಅಲ್ಲಿ ಸಾಕಷ್ಟು ದಿನ ಇದ್ದದ್ದಕ್ಕೆ ತೆರಿಗೆ ಲೆಕ್ಕಕ್ಕೆ ‘ರೆಸಿಡೆಂಟ್’. ನೀವು ಏಲಿಯನ್.

ನಮ್ಮ ದೇಶದಲ್ಲಿ ಗಂಡ ಹೆಂಡತಿಗೆ ಜಂಟಿ ರಿಟರ್ನ್ ಅನ್ನೋದೇ ಇಲ್ಲ. ಅವರ ಪ್ಯಾನ್ ಅವರದು, ನಿಮ್ಮ ಪ್ಯಾನ್ ನಿಮ್ಮದು. ಅಲ್ಲಿ ಹಾಗಲ್ಲ. ಡಿಸೆಂಬರ್ 31ಕ್ಕೆ ಮದುವೆ ಆಗಿದ್ರೆ ಇಡೀ ವರ್ಷ ಮದುವೆ ಆದ ಹಾಗೇ ಲೆಕ್ಕ. ‘ಸಿಂಗಲ್’ ಅಂತ ಹಾಕೋ ಹಾಗಿಲ್ಲ. ಮಕ್ಕಳಿಲ್ಲದ ಹೊಸ ಜೋಡಿಗೆ ಉಳಿಯೋದು ಎರಡು ದಾರಿ: ಮದುವೆ ಆಗಿದ್ದೂ ಬೇರೆ ಬೇರೆ ರಿಟರ್ನ್, ಇಲ್ಲಾ ಜಂಟಿ ರಿಟರ್ನ್. ಹೆಂಡತಿ ಏಲಿಯನ್ ಆಗಿದ್ರೆ ಮೊದಲನೇದೇ ತಾನಾಗಿ ಅನ್ವಯ ಆಗುತ್ತೆ. ಎರಡನೇದು ಬೇಕು ಅಂದ್ರೆ ಇಬ್ಬರೂ ಸಹಿ ಮಾಡಿ ಒಂದು ಹೇಳಿಕೆ ಲಗತ್ತಿಸಬೇಕು: ಈ ಇಡೀ ವರ್ಷ ನಮ್ಮಿಬ್ಬರನ್ನೂ ಅಮೆರಿಕದ ನಿವಾಸಿಗಳು ಅಂತಲೇ ಲೆಕ್ಕಕ್ಕೆ ತಗೊಳ್ಳಿ ಅಂತ. ಆ ಹಳದಿ ಗುರುತು ಇದ್ದದ್ದು ಈ ಹೇಳಿಕೆ ಮೇಲೆ.

(3/8)
ಯಾಕೆ ಇಷ್ಟು ಅರ್ಜೆಂಟ್ ಅಂತ ಲೆಕ್ಕ ಹಾಕಿ ನೋಡಿ. ಗಂಡನ ಸಂಬಳ ವರ್ಷಕ್ಕೆ 1,00,000 ಡಾಲರ್, ಬೇರೆ ಆದಾಯ ಇಲ್ಲ ಅಂತ ಇಟ್ಕೊಳ್ಳಿ. 2025ನೇ ವರ್ಷಕ್ಕೆ ಬೇರೆ ರಿಟರ್ನ್ ಹಾಕಿದ್ರೆ ನೇರವಾಗಿ ಕಳೆಯೋ ಮೊತ್ತ 15,750 ಡಾಲರ್, ಫೆಡರಲ್ ತೆರಿಗೆ 13,449 ಡಾಲರ್. ಜಂಟಿಯಾಗಿ ಹಾಕಿದ್ರೆ ಕಳೆಯೋ ಮೊತ್ತ 31,500, ತೆರಿಗೆ 7,743 ಡಾಲರ್. ವ್ಯತ್ಯಾಸ 5,706 ಡಾಲರ್. ರೂಪಾಯಿಗೆ ತಿರುಗಿಸಿದ್ರೆ ನಾಲ್ಕೂಮುಕ್ಕಾಲು ಲಕ್ಷ ದಾಟುತ್ತೆ.

ಒಂದು ಸಹಿಗೆ ಇಷ್ಟು ಬೆಲೆ ಕಣ್ರೇ. ಸಹಿ ಹಾಕಬೇಡಿ ಅಂತ ನಾನು ಹೇಳ್ತಿಲ್ಲ. ಕಾನೂನೇ ಕೊಟ್ಟಿರೋ ಅನುಕೂಲ, ತಗೊಳ್ಳಿ. ನನ್ನ ಸಿಟ್ಟು ಇರೋದು ಸಹಿ ಕೇಳುವಾಗ ವಿಷಯ ಹೇಳದೆ ಇರೋದರ ಮೇಲೆ. ಛತ್ರದ ಬಾಡಿಗೆ, ಅಡುಗೆಯವರ ಮುಂಗಡ, ಒಡವೆ ಎಷ್ಟು ಗ್ರಾಂ, ಎಲ್ಲಕ್ಕೂ ಹೆಣ್ಣಿನ ಕಡೆಯವರನ್ನ ಕೂರಿಸಿ ಲೆಕ್ಕ ಮಾಡ್ತಾರೆ. ಈ ಐದು ಸಾವಿರದ ಏಳುನೂರು ಡಾಲರಿನ ಲೆಕ್ಕಕ್ಕೆ ಮಾತ್ರ "ಅದೆಲ್ಲಾ ನಿನಗ್ಯಾಕಮ್ಮಾ, ಅವನು ನೋಡ್ಕೋತಾನೆ".

(4/8)
ಈಗ ಆ ಸಹಿ ಹಾಕಿದ್ರೆ ನೀವು ಒಪ್ಕೊಂಡ ಹಾಗಾಗೋದು ಏನು ಅಂತ ನೋಡೋಣ.

ಇಡೀ ವರ್ಷ ನಿವಾಸಿ ಅಂದ ಮೇಲೆ ನಿಮ್ಮ ಜಗತ್ತಿನ ಎಲ್ಲಾ ಆದಾಯ ಆ ರಿಟರ್ನ್‌ನಲ್ಲಿ ತೋರಿಸಬೇಕು. ತಾಳಿ ಕಟ್ಟೋದಕ್ಕೂ ಮುಂಚಿನ ತಿಂಗಳುಗಳದ್ದೂ ಸೇರಿ. ಅಕ್ಕ ತುಮಕೂರಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ಲು, ಸಂಬಳ ಇತ್ತು. ಬ್ಯಾಂಕಲ್ಲಿ ಎಫ್‌ಡಿ ಇದೆ, ಬಡ್ಡಿ ಬರುತ್ತೆ. ದೊಡ್ಡಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿ 1 ಎಕರೆ 10 ಗುಂಟೆ ತೆಂಗಿನ ತೋಟ ಅವಳ ಪಹಣಿಗೆ ಬಂದಿದೆ, ಗುತ್ತಿಗೆಗೆ ಕೊಟ್ಟಿದಾಳೆ.

ಇಲ್ಲಿ ದುಡಿದ ಸಂಬಳಕ್ಕೆ ವಿನಾಯಿತಿ ಕೇಳೋ ದಾರಿ ಅಲ್ಲಿನ ಕಾನೂನಲ್ಲಿ ಇದೆ. ಆದ್ರೆ ಮೊದಲು ತೋರಿಸಬೇಕು, ಆಮೇಲೆ ಕೇಳಬೇಕು. ಎಫ್‌ಡಿ ಬಡ್ಡಿಗೆ ಇಲ್ಲಿ ಕಟ್ಟಿದ ತೆರಿಗೆಯನ್ನ ಅಲ್ಲಿ ವಜಾ ಕೇಳಬಹುದು. ತೋಟದ್ದು ನೋಡಿ, ಅಲ್ಲೇ ಗಂಟು. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಅಮೆರಿಕಕ್ಕೆ ಆ ರಿಯಾಯ್ತಿ ಗೊತ್ತಿಲ್ಲ. ಖರ್ಚು ಕಳೆದು ಉಳಿದ ಗುತ್ತಿಗೆ ಹಣಕ್ಕೆ ಅಲ್ಲಿ ತೆರಿಗೆ. ಇಲ್ಲಿ ಏನೂ ಕಟ್ಟಿಲ್ಲ, ಹಾಗಾಗಿ ವಜಾ ಕೇಳೋಕೂ ಏನಿಲ್ಲ.

ಪಿಡಿಎಫ್‌ನಲ್ಲಿ ಅಕ್ಕನ ಆದಾಯ ಎಷ್ಟು ಬರೆದಿತ್ತು ಗೊತ್ತಾ? ಸೊನ್ನೆ. ರಿಟರ್ನ್ ತಯಾರು ಮಾಡಿದವರು ಕೇಳಲಿಲ್ಲ, ಭಾವ ಹೇಳಲಿಲ್ಲ. ಮೋಸ ಮಾಡೋ ಉದ್ದೇಶ ಯಾರಿಗೂ ಇರಲಿಲ್ಲ ಅಂತಲೇ ನಾನು ನಂಬ್ತೀನಿ. ಊರಲ್ಲಿ ಕೂತ ಹುಡುಗಿಗೆ ಒಂದು ಆದಾಯ ಇರಬಹುದು ಅಂತ ಯಾರ ತಲೆಗೂ ಹೊಳೀಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು.

(5/8)
"ಗಂಡ ಹೆಂಡ್ತಿ ಮಧ್ಯೆ ಇದೆಲ್ಲಾ ಲೆಕ್ಕ ಯಾಕೆ?" ಅಂತ ಅಕ್ಕನ ಅತ್ತೆ ಫೋನಲ್ಲಿ ಕೇಳಿದ್ರು. ಹಿರಿಯರು, ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ.

ಜಂಟಿ ರಿಟರ್ನ್‌ಗೆ ಸಹಿ ಹಾಕಿದ್ರೆ ಆ ವರ್ಷದ ಪೂರ್ತಿ ತೆರಿಗೆ, ಬಡ್ಡಿ, ದಂಡಕ್ಕೆ ಇಬ್ಬರೂ ಹೊಣೆ. ಅರ್ಧರ್ಧ ಅಲ್ಲ. ಪೂರ್ತಿಯನ್ನ ಯಾರ ಹತ್ರ ಬೇಕಾದ್ರೂ ವಸೂಲಿ ಮಾಡಬಹುದು. ನಾಳೆ ಡೈವೋರ್ಸ್ ಆದ್ರೂ ಆ ಹೊಣೆ ಬಿಡಲ್ಲ. ಗಂಡನ ತಪ್ಪು ತನಗೆ ಗೊತ್ತಿರಲಿಲ್ಲ ಅಂತ ಪರಿಹಾರ ಕೇಳೋಕೆ ಒಂದು ಅರ್ಜಿ ಇದೆ, ನಂಬರ್ 8857. ಆದ್ರೆ ಬಿಟ್ಟುಹೋದದ್ದು ನಿಮ್ಮದೇ ತೋಟದ ಗುತ್ತಿಗೆ ಆಗಿದ್ರೆ ‘ನನಗೆ ಗೊತ್ತಿರಲಿಲ್ಲ’ ಅಂತ ಯಾವ ಬಾಯಲ್ಲಿ ಹೇಳ್ತೀರಿ? ಆ ಕಾಗದದ ಸಹಿ ಮೇಲೇ ಬರೆದಿರುತ್ತೆ, ಸುಳ್ಳು ಹೇಳಿದ್ರೆ ಶಿಕ್ಷೆಗೆ ಒಳಪಡ್ತೀನಿ ಅನ್ನೋ ಅರ್ಥದ ಮಾತು.

ಇನ್ನೊಂದು. ಆ ‘ನಿವಾಸಿ ಅಂತ ತಗೊಳ್ಳಿ’ ಅನ್ನೋ ಆಯ್ಕೆ ಒಂದು ವರ್ಷಕ್ಕೆ ಮುಗಿಯಲ್ಲ. ಕೈಬಿಡೋ ತನಕ ಮುಂದಿನ ವರ್ಷಗಳಿಗೂ ನಡೀತಾ ಇರುತ್ತೆ. ಒಮ್ಮೆ ಕೈಬಿಟ್ರೆ ಇಬ್ಬರಲ್ಲಿ ಯಾರೂ ಮತ್ತೆ ಆ ಆಯ್ಕೆ ಮಾಡೋ ಹಾಗಿಲ್ಲ. ಜೀವನದಲ್ಲಿ ಒಂದೇ ಸಲ ಸಿಗೋ ಆಯ್ಕೆಯನ್ನ ವಾಟ್ಸಾಪಲ್ಲಿ ಹಳದಿ ಗುರುತು ಹಾಕಿ ಮುಗಿಸೋದಾ?

(6/8)
ಈಗ ‘ಅರ್ಜೆಂಟ್’ ವಿಷಯ.

ನಮ್ಮಲ್ಲಿ ಸಂಬಳದಿಂದ ಟಿಡಿಎಸ್ ಹಿಡಿಯೋ ಹಾಗೆ ಅಲ್ಲೂ ಕಂಪನಿ ಪ್ರತಿ ಸಂಬಳದಲ್ಲಿ ತೆರಿಗೆ ಹಿಡಿಯುತ್ತೆ. ಎಷ್ಟು ಹಿಡೀಬೇಕು ಅನ್ನೋದು ನೌಕರ ತುಂಬಿ ಕೊಡೋ ಡಬ್ಲ್ಯು-4 ಫಾರಂ ಮೇಲೆ ಹೋಗುತ್ತೆ. ಅದರಲ್ಲಿ ‘ಮದುವೆ ಆಗಿದೆ, ಜಂಟಿ ರಿಟರ್ನ್’ ಅಂತ ಟಿಕ್ ಮಾಡಿದ್ರೆ ಕಮ್ಮಿ ಹಿಡೀತಾರೆ, ಕೈಗೆ ಜಾಸ್ತಿ ಬರುತ್ತೆ. ಭಾವ ನಿಶ್ಚಿತಾರ್ಥ ಆದ ತಿಂಗಳಲ್ಲೇ ಅದನ್ನ ಟಿಕ್ ಮಾಡಿದ್ರಂತೆ. ತಾಳಿಗೆ ಇನ್ನೂ ಚಿನ್ನ ತಂದಿರಲಿಲ್ಲ! ಈಗ ಬೇರೆ ರಿಟರ್ನ್ ಹಾಕಿದ್ರೆ ಬಾಕಿ ಕೈಯಿಂದ ಕಟ್ಟಬೇಕು. ಅರ್ಜೆಂಟ್ ಇದ್ದದ್ದು ಅಲ್ಲಿ. ಅವರ ಫಾರಂನ ಟಿಕ್ ತಪ್ಪಿದ್ದಕ್ಕೆ ಅಕ್ಕನ ಮೇಲೆ ಅವಸರ ಹೊರಿಸಿದ್ರು.

ಕಾನೂನು ಏನು ಹೇಳುತ್ತೆ ಕೇಳಿ. ಗಡುವು ಏಪ್ರಿಲ್ 15. ರಿಟರ್ನ್ ಸಲ್ಲಿಸೋಕೆ ಅಕ್ಟೋಬರ್ 15ರ ತನಕ ಸಮಯ ಕೇಳಬಹುದು, ಬಾಕಿ ತೆರಿಗೆ ಮಾತ್ರ ಏಪ್ರಿಲ್‌ನಲ್ಲೇ ಕಟ್ಟಬೇಕು. ಮೊದಲು ಬೇರೆ ರಿಟರ್ನ್ ಹಾಕಿ, ಆಮೇಲೆ ಮೂರು ವರ್ಷದೊಳಗೆ ತಿದ್ದಿ ಜಂಟಿ ಮಾಡಿಕೊಳ್ಳಬಹುದು. ಉಳಿದ ದುಡ್ಡು ವಾಪಸ್ ಬರುತ್ತೆ. ಆದ್ರೆ ಜಂಟಿ ಹಾಕಿ ಗಡುವು ಮುಗಿದ ಮೇಲೆ ಬೇರೆ ಮಾಡ್ಕೋತೀನಿ ಅಂದ್ರೆ ಆಗಲ್ಲ. ಅಂದ್ರೆ ನಿಧಾನ ಮಾಡಿದ್ರೆ ದುಡ್ಡು ಹೋಗಲ್ಲ, ಅವಸರ ಮಾಡಿದ್ರೆ ಮಾತ್ರ ಬಾಗಿಲು ಮುಚ್ಚುತ್ತೆ. ಯಾರಾದ್ರೂ ನಿಮಗೆ ‘ಇವತ್ತೇ ಸಹಿ ಬೇಕು’ ಅಂದ್ರೆ ಇದನ್ನ ಹೇಳಿ.

ಪಾಸ್‌ಪೋರ್ಟ್ ವಿಷಯದಲ್ಲೂ ಹುಷಾರು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಹೆಂಡತಿಗೆ ಡಬ್ಲ್ಯು-7 ತುಂಬಿ ಐಟಿಐಎನ್ ಅನ್ನೋ ನಂಬರ್ ತಗೋಬೇಕು. ಅದಕ್ಕೆ ಮೂಲ ಪಾಸ್‌ಪೋರ್ಟ್ ಅಥವಾ ಅದನ್ನ ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ಐಆರ್‌ಎಸ್ ಒಪ್ಪಿದ ಏಜೆಂಟ್‌ಗಳ ಹತ್ರ ಹೋದ್ರೆ ಅವರೇ ಪಾಸ್‌ಪೋರ್ಟ್ ನೋಡಿ ದೃಢೀಕರಿಸ್ತಾರೆ. ವೀಸಾ ಸಂದರ್ಶನ ಇಟ್ಕೊಂಡು ಮೂಲ ಪಾಸ್‌ಪೋರ್ಟ್ ಅಮೆರಿಕಕ್ಕೆ ಪೋಸ್ಟ್ ಮಾಡಬೇಡಿ.

(7/8)
ಹುಡುಗರೇ, ನಗಬೇಡಿ, ನಿಮಗೂ ಇದೆ. ಎಂಎಸ್‌ಗೆ ಅಂತ ಎಫ್-1 ವೀಸಾದಲ್ಲಿ ಹೋಗೋರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ನೀವೂ ಏಲಿಯನ್ನೇ. ಅವಾಗ ಊರಲ್ಲಿ ಮದುವೆ ಆಗಿದ್ರೂ ಡಬ್ಲ್ಯು-4ನಲ್ಲಿ ಸಿಂಗಲ್ ಅಂತಲೇ ಹಾಕಬೇಕು. ಜಂಟಿ ರಿಟರ್ನ್ ಆಸೆ ಬಿಡಿ. ಸೀನಿಯರ್ ಹೇಳಿದ ಅಂತ ಟಿಕ್ ಮಾಡಬೇಡಿ. ಆದ್ರೆ ಭಾರತ-ಅಮೆರಿಕ ಒಪ್ಪಂದದಿಂದ ನಮ್ಮ ವಿದ್ಯಾರ್ಥಿಗಳಿಗೆ ಆ ನೇರ ಕಡಿತದ ಸೌಲಭ್ಯ ಸಿಗುತ್ತೆ, ಅದನ್ನ ಬಿಡಬೇಡಿ.

ಇನ್ನು ಎನ್‌ಆರ್‌ಐ ಆದ ಮೇಲೆ ಊರಿನ ಹಳೇ ಉಳಿತಾಯ ಖಾತೆ ಎನ್‌ಆರ್‌ಒ ಆಗಬೇಕು, ಬಡ್ಡಿಗೆ ಶೇ. 30 ಟಿಡಿಎಸ್ ಜೊತೆಗೆ ಸೆಸ್. ಅದನ್ನ ತಪ್ಪಿಸೋಕೆ ದುಡ್ಡನ್ನ ಹೆಂಡತಿ ಹೆಸರಲ್ಲಿ ಎಫ್‌ಡಿ ಇಡೋ ಬುದ್ಧಿವಂತರು ಇದಾರೆ. ಗಂಡ ಕೊಟ್ಟ ದುಡ್ಡಿನ ಬಡ್ಡಿ ಕಾನೂನಿನ ಪ್ರಕಾರ ಗಂಡನ ಆದಾಯಕ್ಕೇ ಸೇರುತ್ತೆ. ಬ್ಯಾಂಕ್ ದಾಖಲೆ ಮಾತ್ರ ಹೆಂಡತಿ ಪ್ಯಾನ್ ಮೇಲೆ. ವಿಚಾರಣೆ ಬಂದ್ರೆ ಮೊದಲು ಕೇಳೋದು ಅವಳನ್ನ. ಅಲ್ಲೂ ಇಲ್ಲೂ ಒಂದೇ ಕತೆ: ಹೆಂಡತಿ ಹೆಸರು ಬೇಕು, ಹೆಂಡತಿಯನ್ನ ಕೇಳೋದು ಬೇಡ.

(8/8)
ಕೊನೆಗೆ ಏನಾಯ್ತು ಅಂತ ಕೇಳ್ತೀರಿ. ಅಕ್ಕ ಸಹಿ ಹಾಕಲಿಲ್ಲ. ಸಂಬಳದ ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್, ಗುತ್ತಿಗೆ ಚೀಟಿ ಮೂರನ್ನೂ ಸ್ಕ್ಯಾನ್ ಮಾಡಿ, ಜನವರಿಯಿಂದ ಡಿಸೆಂಬರ್ ಲೆಕ್ಕಕ್ಕೆ ಒಂದು ಹಾಳೆ ಬರೆದು ಭಾವನಿಗೆ ಕಳಿಸಿದ್ಲು. "ಇದನ್ನ ಸೇರಿಸಿ ಮತ್ತೆ ಲೆಕ್ಕ ಹಾಕಿಸಿ, ಎರಡು ಥರದಲ್ಲೂ" ಅಂದ್ಲು. ಎರಡು ವಾರ ಮುನಿಸು. "ಇನ್ನೂ ಅಮೆರಿಕಕ್ಕೆ ಕಾಲಿಟ್ಟಿಲ್ಲ, ಆಗಲೇ ಲೆಕ್ಕ ಕೇಳ್ತಾಳೆ" ಅಂತ ಮಾತು ಬಂತು. ದೊಡ್ಡಮ್ಮ ಒಂದು ದಿನ ಅತ್ತರು.

ಹೊಸ ಲೆಕ್ಕ ಬಂತು. ಅವಳ ಆದಾಯ ಎಲ್ಲಾ ತೋರಿಸಿದ ಮೇಲೂ ಜಂಟಿಯಲ್ಲೇ ಉಳಿತಾಯ. ಸ್ವಲ್ಪ ಕಮ್ಮಿ, ಅಷ್ಟೇ. ನಿಜ ಬರೆದದ್ದಕ್ಕೆ ಅವರಿಗೆ ಆದ ನಷ್ಟ ಮದುವೆಯ ಹೂವಿನ ಅಲಂಕಾರದ ಬಿಲ್‌ಗಿಂತ ಕಮ್ಮಿ. ಏಪ್ರಿಲ್ ಮೊದಲ ವಾರ ಅಕ್ಕ ಪ್ರತಿ ಪುಟ ಓದಿ ಸಹಿ ಹಾಕಿದ್ಲು, ಒಂದು ಪ್ರತಿ ತನ್ನ ಹತ್ರ ಇಟ್ಕೊಂಡ್ಲು. ಭಾವ ಈಗ ಅವಳಿಗೆ ಪ್ರತಿ ತಿಂಗಳ ಪೇಸ್ಲಿಪ್ ಕಳಿಸ್ತಾರೆ. ಕೇಳಿದ್ದಕ್ಕೆ ಕಳಿಸ್ತಾರೆ, ಕೇಳದೆ ಇದ್ದಿದ್ರೆ ಇಲ್ಲ.

ನಿಮ್ಮ ಸರದಿ ಬಂದಾಗ ಕೇಳಬೇಕಾದ್ದು ಇಷ್ಟು, ಸೇವ್ ಮಾಡ್ಕೊಳ್ಳಿ:
• ಬೇರೆ ರಿಟರ್ನ್‌ಗೆ ತೆರಿಗೆ ಎಷ್ಟು, ಜಂಟಿಗೆ ಎಷ್ಟು? ಎರಡೂ ಲೆಕ್ಕ ಕಳಿಸಿ.
• ನನ್ನ ಆದಾಯದ ಕಾಲಂನಲ್ಲಿ ಏನು ಬರೆದಿದ್ದೀರಿ?
• ಡಬ್ಲ್ಯು-4ನಲ್ಲಿ ಏನು ಟಿಕ್ ಮಾಡಿದ್ದೀರಿ, ಯಾವಾಗಿಂದ?
• ನಿವಾಸಿ ಅನ್ನೋ ಹೇಳಿಕೆಯ ಪೂರ್ತಿ ಪ್ರತಿ ಎಲ್ಲಿ?
• ನನ್ನ ಪಾಸ್‌ಪೋರ್ಟ್ ಎಲ್ಲಿಗೆ ಹೋಗುತ್ತೆ, ಯಾವಾಗ ವಾಪಸ್?
• ನಾನು ಅಲ್ಲಿಗೆ ಬಂದ ಮೇಲೆ, ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದ್ರೂ ಪ್ರತ್ಯೇಕ ವರದಿ ಕೊಡಬೇಕು. ಅದನ್ನ ಯಾರು ಕೊಡ್ತಾರೆ?

ಇಷ್ಟು ಕೇಳಿದ್ದಕ್ಕೆ ಮುರಿಯೋ ಮದುವೆ ಆಗಿದ್ರೆ, ಅದು ಮುರಿದದ್ದು ನಿಮ್ಮ ಪ್ರಶ್ನೆಯಿಂದ ಅಲ್ಲ. ಈ ಪೋಸ್ಟನ್ನ ನಿಶ್ಚಿತಾರ್ಥ ಆಗಿರೋ ಗೆಳತಿಗೆ ಕಳಿಸಿ. ಅವಳ ಅಣ್ಣನಿಗೂ ಕಳಿಸಿ.

#ಸಹಿಗೆಮುಂಚೆಓದು #ಹುತ್ರಿದುರ್ಗ #ಕುಣಿಗಲ್ #ತುಮಕೂರುಹುಡುಗೀರು